12 ಇಂಪ್ ಕಳೆದುಕೊಂಡ ರಾತ್ರಿ ನಿದ್ದೆ ಮಾಡುವುದು ಹೇಗೆ

ರಾಯಚೂರಿನ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಭಾನುವಾರ ಎರಡು ಮೇಜು ಹಾಕುತ್ತೇವೆ. ಬರುವವರು ಎಂಟು ಮಕ್ಕಳು: ಎಂಜಿನಿಯರಿಂಗ್ ಓದುವವರು ಐವರು, ಕೃಷಿ ವಿಶ್ವವಿದ್ಯಾಲಯದವರು ಇಬ್ಬರು, ಬಿ.ಕಾಂ. ಓದುವ ಹುಡುಗಿ ಒಬ್ಬಳು. ಇಬ್ಬರಿಬ್ಬರು ಜೋಡಿಯಾಗಿ ನಾಲ್ವರು ಆಡುವ ಇಸ್ಪೀಟಿನ ಆಟ ಬ್ರಿಜ್. ಅದನ್ನು ಅವರಿಗೆ ಕಲಿಸುವುದು ನನಗೆ ಕಷ್ಟವೆನಿಸಿಲ್ಲ. ಸ್ಪರ್ಧೆಯಲ್ಲಿ ಸೋತು ಬಂದವರನ್ನು ಮತ್ತೆ ಊಟ, ನಿದ್ದೆ, ತರಗತಿಗಳಿಗೆ ಮರಳಿಸುವುದು ಕಷ್ಟ. ಕಳೆದ ವರ್ಷ ಹೈದರಾಬಾದಿನಿಂದ ಮರಳಿದ ಹುಡುಗನೊಬ್ಬ ಹತ್ತು ದಿನ ಕಾಲೇಜಿಗೆ ಹೋಗಲಿಲ್ಲ. ಅವನ ಕೋಣೆಯ ಗೆಳೆಯ ಬಂದು ಹೇಳುವವರೆಗೆ ನನಗೂ ಸುಳಿವಿರಲಿಲ್ಲ. ಅಂದಿನಿಂದ ಎಲೆ ಹಂಚುವ ಮೊದಲು ನಾನು ಹೇಳುತ್ತಿರುವ ಮಾತುಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಾನು ವೈದ್ಯನಲ್ಲ, ನಿವೃತ್ತಿಯ ಹೊಸ್ತಿಲಲ್ಲಿರುವ ಎಂಜಿನಿಯರ್. ಆದರೆ ಸೋತು ಮನೆಗೆ ಬಂದ ಅನುಭವ ನನಗೆ ಧಾರಾಳವಾಗಿದೆ.

ಅದರಲ್ಲಿ ಒಂದನ್ನು ಮೊದಲು ಹೇಳಿಬಿಡುತ್ತೇನೆ. 1991ರಲ್ಲಿ ನಾನು ಮೂರನೇ ವರ್ಷದಲ್ಲಿದ್ದೆ. ಸಿಕಂದರಾಬಾದಿನಲ್ಲಿ ತಂಡಗಳ ಪಂದ್ಯ. ನನ್ನದು ನಾಲ್ಕು ಸ್ಪೇಡ್ ಕಾಂಟ್ರಾಕ್ಟ್, ಅಂದರೆ ಸ್ಪೇಡನ್ನು ತುರುಫು ಮಾಡಿ ಹದಿಮೂರರಲ್ಲಿ ಹತ್ತು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಪಟ್ಟು) ಗೆಲ್ಲುತ್ತೇನೆಂಬ ಮಾತು. ಅದೂ ವಲ್ನರಬಲ್, ಗೆದ್ದರೂ ಸೋತರೂ ಅಂಕ ಹೆಚ್ಚು. ಎದುರಾಳಿಗಳ ಬಳಿ ಐದು ತುರುಫು ಎಲೆಗಳಿದ್ದವು. ಎರಡು ಸುತ್ತು ಎಳೆದೆ, ನಾಲ್ಕು ಬಿದ್ದವು. ಐದನೆಯದನ್ನು ಎಣಿಸಲಿಲ್ಲ. ಎಲ್ಲ ಮುಗಿಯಿತೆಂಬ ಧೈರ್ಯದಲ್ಲಿ ಡೈಮಂಡ್ ಆಡತೊಡಗಿದರೆ, ಬಲಗಡೆಯ ಹಿರಿಯರು ಒಂದು ಪುಟ್ಟ ಸ್ಪೇಡನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಹತ್ತು ಟ್ರಿಕ್ ಬರಬೇಕಾದಲ್ಲಿ ಒಂಬತ್ತಕ್ಕೆ ನಿಂತಿತು. ತಂಡಗಳ ಪಂದ್ಯದಲ್ಲಿ ಅದೇ ಎಲೆಗಳನ್ನು ಎರಡು ಮೇಜುಗಳಲ್ಲಿ ಆಡುತ್ತಾರೆ, ಇನ್ನೊಂದು ಮೇಜಿನಲ್ಲಿ ನಮ್ಮ ತಂಡದ ಬೇರೆ ಜೋಡಿ ಎದುರಾಳಿಗಳ ಕಡೆಯ ಎಲೆ ಹಿಡಿಯುತ್ತದೆ. ಪಂದ್ಯ ಮುಗಿದು ನಮ್ಮ ತಂಡದ ನಾಲ್ವರೂ ಅಂಕ ಹೋಲಿಸಲು ಕುಳಿತೆವು. ನಾನು ‘ಮೈನಸ್ 100’ ಎಂದೆ. ಇನ್ನೊಂದು ಮೇಜಿನ ನಮ್ಮವರು ‘ಮೈನಸ್ 620’ ಎಂದರು. ಅಲ್ಲಿ ಎದುರಾಳಿ ಅದೇ ಆಟವನ್ನು ಗೆದ್ದಿದ್ದ. 720ರ ಅಂತರ, ಅಂದರೆ 12 ಇಂಪ್. ಎರಡು ಮೇಜುಗಳ ಅಂತರವನ್ನು ಒಂದು ಪಟ್ಟಿಯ ಪ್ರಕಾರ ಇಳಿಸಿ ಕೊಡುವ ಅಂಕವೇ ಇಂಪ್. ಪಂದ್ಯವನ್ನು ನಾವು ಸೋತದ್ದು 9 ಇಂಪ್‌ನಿಂದ.

ಮರಳುವ ರೈಲಿನಲ್ಲಿ ನನ್ನ ಜೊತೆಗಾರ ಒಂದು ಮಾತನ್ನೂ ಆಡಲಿಲ್ಲ. ವಾಡಿ ಬಂತು, ಯಾದಗಿರಿ ಬಂತು, ಕೃಷ್ಣಾ ಸೇತುವೆಯ ಮೇಲೆ ರೈಲು ಸದ್ದು ಮಾಡಿತು. ಅವನು ಕಿಟಕಿಯ ಕಡೆಯೇ ನೋಡುತ್ತಿದ್ದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಮೌನದಲ್ಲಿ ನಾನು ಅವನ ಪರವಾಗಿ ನನ್ನನ್ನೇ ಬೈದುಕೊಂಡೆ, ಮನೆಗೆ ಬಂದ ಮೇಲೂ ಬೈದುಕೊಂಡೆ, ಪರೀಕ್ಷೆಯ ಹಿಂದಿನ ರಾತ್ರಿಯೂ ಬೈದುಕೊಂಡೆ.

ಚದುರಂಗದಲ್ಲಿ ಸೋತರೆ ನೀವೊಬ್ಬರೇ ಸೋಲುತ್ತೀರಿ. ಕ್ರಿಕೆಟ್‌ನಲ್ಲಿ ಸೋಲು ಹನ್ನೊಂದು ಜನರಿಗೆ ಹಂಚಿಹೋಗುತ್ತದೆ. ಬ್ರಿಜ್‌ನಲ್ಲಿ ಮೂರಡಿ ದೂರದಲ್ಲಿ ಒಂದೇ ಒಂದು ಮುಖವಿರುತ್ತದೆ, ಆ ಮುಖ ನಿಮ್ಮ ತಪ್ಪನ್ನು ನೋಡುತ್ತಿರುತ್ತದೆ. ಮೇಲಾಗಿ ಆಟ ನಡೆಯುವಾಗ ಅದರೊಡನೆ ಮಾತನಾಡುವಂತಿಲ್ಲ. ಈ ಆಟದಲ್ಲಿ ಮಕ್ಕಳ ಮನಸ್ಸು ಕೆಡುವುದನ್ನು ನಾನು ಕಂಡದ್ದು ಹೆಚ್ಚಾಗಿ ಈ ಒಂದೇ ದಾರಿಯಿಂದ.

ಕಾರ್ಡಿನ ಹಿಂಬದಿ

ಪ್ರತಿ ಜೋಡಿಯೂ ಕನ್ವೆನ್ಷನ್ ಕಾರ್ಡ್ ತುಂಬುತ್ತದೆ. ಬಿಡ್‌ಗಳಿಗೆ, ಅಂದರೆ ಆಡುವ ಮೊದಲು ಹರಾಜಿನಂತೆ ಹೇಳುವ ಮಾತುಗಳಿಗೆ, ತಮ್ಮಲ್ಲಿ ಏನರ್ಥ ಎಂಬ ಒಪ್ಪಂದ ಅದರಲ್ಲಿರುತ್ತದೆ. ಒಂದು ನೋ ಟ್ರಂಪ್ ಎಂದರೆ ಎಷ್ಟು ಪಾಯಿಂಟ್, ಎರಡು ಕ್ಲಬ್ ಎಂದರೆ ಏನು ಎಂದು ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ‘ನಾನು ಸುಮ್ಮನಿದ್ದರೆ ಏನರ್ಥ’ ಎಂಬುದನ್ನು ಮಾತ್ರ ಯಾರೂ ಮಾತನಾಡಿಕೊಳ್ಳುವುದಿಲ್ಲ. ನಾನು ಮಕ್ಕಳಿಂದ ಕಾರ್ಡಿನ ಹಿಂಬದಿಯಲ್ಲಿ ಮೂರು ಸಾಲು ಬರೆಸುತ್ತೇನೆ. ಜೊತೆಗಾರ ತಪ್ಪಿದಾಗ ನಾನು ಹೇಳುವ ಮಾತು ಯಾವುದು, ನಾನೇ ತಪ್ಪಿದಾಗ ನನಗೆ ಕೇಳಬೇಕೆನಿಸುವ ಮಾತು ಯಾವುದು, ನನ್ನ ಮೌನದ ಅರ್ಥವೇನು.

ಬಾಯಲ್ಲಿ ಒಪ್ಪಿಕೊಂಡರೆ ಸಾಲದು, ಬರೆಯಬೇಕು. ಬರೆಯುವಾಗ ಗೊತ್ತಾಗುವ ಸಂಗತಿಗಳೇ ಬೇರೆ. ಲಿಂಗಸುಗೂರಿನ ಹುಡುಗನಿಗೆ ತಪ್ಪಾದ ಕೂಡಲೇ ‘ಪರವಾಗಿಲ್ಲ’ ಎಂದರೆ ಮೈಯುರಿಯುತ್ತದೆ, ಏನೂ ಹೇಳದಿದ್ದರೆ ಸರಿಹೋಗುತ್ತಾನೆ. ಅವನ ಜೊತೆ ಆಡುವ ಬಿ.ಕಾಂ. ಹುಡುಗಿ ಇದಕ್ಕೆ ತದ್ವಿರುದ್ಧ. ಏನಾದರೊಂದು ಮಾತು ಕಿವಿಗೆ ಬೀಳದಿದ್ದರೆ ಅವಳಿಗೆ ಮುಂದಿನ ಎಲೆ ಕಾಣುವುದಿಲ್ಲ. ಆರು ತಿಂಗಳು ಇಬ್ಬರೂ ತಮಗೆ ಬೇಕಾದದ್ದನ್ನೇ ಇನ್ನೊಬ್ಬರಿಗೆ ಕೊಡುತ್ತಾ ಪರಸ್ಪರ ನೋಯಿಸಿಕೊಂಡಿದ್ದರು. ಈಗ ಅವನು ಒಂದು ಬೋರ್ಡು, ಅಂದರೆ ಒಂದು ಹಂಚಿಕೆಯ ಆಟ, ಮುಗಿದಾಗ ‘ಮುಂದಿನದು’ ಎಂಬ ಒಂದೇ ಪದ ಹೇಳುತ್ತಾನೆ. ಅವಳು ಬಾಯಿ ಬಿಡುವುದಿಲ್ಲ. ಅವಳ ಮೂರನೆಯ ಸಾಲಿನಲ್ಲಿ ‘ನಾನು ಸುಮ್ಮನಿದ್ದರೆ ಹಸಿವಾಗಿದೆ ಎಂದರ್ಥ’ ಎಂದಿದೆ. ಅದು ತಮಾಷೆಗೆ ಬರೆದದ್ದಲ್ಲ, ನಿಜವಾಗಿಯೂ ಹಸಿವೇ.

ಮೇಜಿನ ಬಳಿ

24 ಬೋರ್ಡು ಆಡಲು ಸುಮಾರು ಮೂರು ತಾಸು ಬೇಕು, ದಿನಕ್ಕೆ ಎರಡು ಸುತ್ತಾದರೆ ಆರು ತಾಸು. ನಮ್ಮ ಮಕ್ಕಳು ಬೆಳಿಗ್ಗೆ ಒಗ್ಗರಣೆ ಮಿರ್ಚಿ ತಿಂದು ರೈಲು ಹತ್ತಿ, ಮಧ್ಯಾಹ್ನ ಚಹಾ ಕುಡಿದು ಕುಳಿತುಬಿಡುತ್ತಾರೆ. ಹದಿನೆಂಟನೇ ಬೋರ್ಡಿನ ಹೊತ್ತಿಗೆ ತಲೆ ಖಾಲಿ. ಆಗ ಆಗುವ ತಪ್ಪಿಗೆ ‘ನನಗೆ ಬುದ್ಧಿ ಇಲ್ಲ’ ಎಂದು ಹೆಸರಿಡುತ್ತಾರೆ. ಎರಡು ಬಾಳೆಹಣ್ಣು, ಒಂದು ಹಿಡಿ ಶೇಂಗಾ, ಒಂದು ಬಾಟಲಿ ನೀರು ಚೀಲದಲ್ಲಿರಲಿ. ಡಮ್ಮಿಯಾದಾಗ, ಅಂದರೆ ಜೊತೆಗಾರನೇ ನಿಮ್ಮ ಎಲೆಗಳನ್ನೂ ಆಡಿಸುವಾಗ, ಎಲೆ ಹರಡಿದ ಮೇಲೆ ನಿಮ್ಮ ತಲೆಗೆ ಕೆಲಸವಿಲ್ಲ. ಡಿಕ್ಲೇರರ್ ಆದ ಆ ಜೊತೆಗಾರ ಹೇಳಿದ ಎಲೆ ತೆಗೆದುಕೊಟ್ಟರಾಯಿತು. ‘ನಾನಾಗಿದ್ದರೆ ಹೀಗೆ ಆಡುತ್ತಿದ್ದೆ’ ಎಂದು ಒಳಗೊಳಗೆ ಕುದಿಯುವ ಬದಲು ಪಾದ ಎರಡನ್ನೂ ನೆಲಕ್ಕೆ ಊರಿ, ನೀರು ಕುಡಿದು, ಉಸಿರನ್ನು ನಿಧಾನವಾಗಿ ಬಿಡಿ. ಸಿಗುವ ವಿಶ್ರಾಂತಿ ಅದೊಂದೇ.

ತಪ್ಪು ಮಾಡಿದ ಕೂಡಲೇ ನಾನು ಒಂದು ಕೆಲಸ ಮಾಡುತ್ತೇನೆ, ಮಕ್ಕಳಿಗೂ ಅದನ್ನೇ ಹೇಳಿಕೊಡುತ್ತೇನೆ. ಹದಿಮೂರು ಎಲೆಗಳನ್ನು, ಅವನ್ನಿಡುವ ಬೋರ್ಡಿನ ಗೂಡಿಗೆ ಹಾಕುವ ಮುನ್ನ ಕೈಯಲ್ಲಿ ಒಮ್ಮೆ ಎಣಿಸುತ್ತೇನೆ. ಎಲೆ ಸರಿಯಾಗಿದೆಯೇ ಎಂದು ನೋಡಲು ಹೇಗೂ ಎಣಿಸಬೇಕು, ನಾನು ಅದನ್ನೇ ನಿಧಾನವಾಗಿ ಮಾಡುತ್ತೇನೆ. ಹದಿಮೂರು ಎಂದಾಗ ಎಲೆ ಗೂಡಿಗೆ ಹೋಗುತ್ತದೆ, ಸ್ಕೋರ್ ಕಾಗದದ ಅಂಚಿನಲ್ಲಿ ಒಂದು ಚುಕ್ಕೆ ಬೀಳುತ್ತದೆ. ಆ ಚುಕ್ಕೆ ಎಂದರೆ ‘ಇದನ್ನು ಸಂಜೆ ನೋಡುತ್ತೇನೆ’. ಮರೆತುಬಿಡು ಎಂದರೆ ಮನಸ್ಸು ಕೇಳುವುದಿಲ್ಲ. ಇಂಥ ಹೊತ್ತಿಗೆ ಎಂದು ಮುಂದೂಡಿದರೆ ಬಹುಮಟ್ಟಿಗೆ ಒಪ್ಪಿಕೊಳ್ಳುತ್ತದೆ.

ಮುಖ ಸಿಂಡರಿಸುವ ಚಾಳಿಯುಳ್ಳವರಿಗೆ ಒಂದು ಮಾತು. ಸ್ಪರ್ಧೆಗಳಲ್ಲಿ ಆಡುವ ಡೂಪ್ಲಿಕೇಟ್ ಬ್ರಿಜ್‌ನ 73ನೇ ನಿಯಮದ ಪ್ರಕಾರ ಜೊತೆಗಾರರ ನಡುವಿನ ಸಂವಹನ ಬಿಡ್ ಮತ್ತು ಎಲೆಗಳ ಮೂಲಕವಷ್ಟೇ ನಡೆಯಬೇಕು, ಸನ್ನೆ ಉದ್ಗಾರಗಳ ಮೂಲಕ ಅಲ್ಲ. 74ನೇ ನಿಯಮ ಮೇಜಿನ ಬಳಿ ಸೌಜನ್ಯವನ್ನು ಕಡ್ಡಾಯ ಮಾಡಿದೆ. ಆದ್ದರಿಂದ ನಿಟ್ಟುಸಿರು, ಹುಬ್ಬೇರಿಸುವುದು, ಎಲೆಯನ್ನು ಟಪ್ಪೆಂದು ಬಡಿಯುವುದು ಬರೀ ಸಿಟ್ಟಿನ ವಿಷಯವಲ್ಲ, ನಿಯಮಭಂಗವೂ ಹೌದು.

ಇದೇ ನಿಯಮ ನಿಮ್ಮ ರಕ್ಷಣೆಗೂ ಇದೆ. ಈ ಆಟಕ್ಕೆ ಬರುವವರಲ್ಲಿ ಬಹುತೇಕರು ನಿಮ್ಮ ಅಪ್ಪನಿಗಿಂತ ಹಿರಿಯರು. ಕೆಲವರಿಗೆ ಹುಡುಗರನ್ನು ಕಂಡರೆ ಪಾಠ ಹೇಳುವ ಹುಮ್ಮಸ್ಸು, ಕೆಲವರಿಗೆ ಗದರಿಸುವ ಹುಮ್ಮಸ್ಸು. ಒಂದೂರಿನ ಸ್ಪರ್ಧೆಯಲ್ಲಿ ನಮ್ಮ ಹುಡುಗಿಗೆ ಎದುರಾಳಿಯೊಬ್ಬರು ‘ಅಡುಗೆ ಕಲಿಯಮ್ಮ, ಇದು ನಿನಗೆ ಹತ್ತುವುದಿಲ್ಲ’ ಎಂದರು. ಅವಳು ಮುಂದಿನ ನಾಲ್ಕು ಬೋರ್ಡು ಕಣ್ಣೀರು ತಡೆಯುವುದರಲ್ಲೇ ಕಳೆದಳು. ಸ್ಪರ್ಧೆಯ ತೀರ್ಪುಗಾರರಾದ ಡೈರೆಕ್ಟರನ್ನು ಏಕೆ ಕರೆಯಲಿಲ್ಲ ಎಂದು ಕೇಳಿದೆ. ‘ಹಿರಿಯರ ಮೇಲೆ ದೂರು ಹೇಗೆ ಹೇಳಲಿ ಸರ್’ ಎಂದಳು. ಕೈ ಎತ್ತಿ ‘ಡೈರೆಕ್ಟರ್, ದಯವಿಟ್ಟು’ ಎನ್ನುವುದು ದೂರಲ್ಲ. ಎಲೆ ಕೆಳಗೆ ಬಿದ್ದರೂ ಅವರನ್ನೇ ಕರೆಯುತ್ತೇವೆ. ಈಗ ಮಾಳಿಗೆಯಲ್ಲಿ ಪ್ರತಿ ಭಾನುವಾರ ಒಮ್ಮೆಯಾದರೂ ಸುಮ್ಮಸುಮ್ಮನೆ ಡೈರೆಕ್ಟರನ್ನು ಕರೆಸುತ್ತೇನೆ. ಆ ಕೂಗು ಗಂಟಲಿಗೆ ರೂಢಿಯಾಗಲಿ ಎಂದು.

ಅಂಕ ಹೋಲಿಸುವ ಹೊತ್ತು

ನನ್ನ ಅನುಭವದಲ್ಲಿ ಆಟಕ್ಕಿಂತ ಹೆಚ್ಚು ಗಾಯವಾಗುವುದು ಇಲ್ಲಿ. ನಾಲ್ವರು ತಲೆ ಹತ್ತಿರ ತಂದು ಕುಳಿತಾಗ ಸಂಖ್ಯೆಗಳನ್ನು ಮಾತ್ರ ಓದಬೇಕು. ‘ಮೈನಸ್ 100.’ ‘ಮೈನಸ್ 620.’ ‘ಮೈನಸ್ 12.’ ಮುಂದಿನ ಬೋರ್ಡು. ‘ಅಯ್ಯೋ’ ಬೇಡ, ‘ಅಲ್ಲಿ ಏನಾಯಿತೆಂದರೆ’ ಬೇಡ, ‘ಸಾರಿ’ಯೂ ಬೇಡ. ಕ್ಷಮೆ ಕೇಳಿದವನನ್ನು ಉಳಿದ ಮೂವರು ಸಮಾಧಾನ ಮಾಡಬೇಕಾಗುತ್ತದೆ, ಆ ಹೊತ್ತಿನಲ್ಲಿ ಅದಕ್ಕೆ ಯಾರಲ್ಲೂ ಶಕ್ತಿ ಇರುವುದಿಲ್ಲ. ವಿವರಣೆಯೆಲ್ಲ ಊಟವಾದ ಮೇಲೆ.

ಸಂಜೆಯ ಎರಡು ಕಾಲಂ

ಚುಕ್ಕೆ ಹಾಕಿದ ಬೋರ್ಡುಗಳನ್ನು ಸಂಜೆ ತೆಗೆಯಿರಿ. ನೋಟ್‌ಪುಸ್ತಕದಲ್ಲಿ ಎರಡು ಕಾಲಂ ಮಾಡಿ, ಒಂದಕ್ಕೆ ನಿರ್ಧಾರ, ಇನ್ನೊಂದಕ್ಕೆ ಫಲ ಎಂದು ಹೆಸರಿಡಿ.

ಹತ್ತು ದಿನ ಕಾಲೇಜಿಗೆ ಹೋಗದ ಹುಡುಗನ ಬೋರ್ಡು ಹೀಗಿತ್ತು. ಅವನು ಆರು ಹಾರ್ಟ್ ಹೇಳಿದ್ದ, ಅಂದರೆ ಹನ್ನೆರಡು ಟ್ರಿಕ್ ಗೆಲ್ಲಬೇಕಾದ ಸ್ಲ್ಯಾಮ್. ಎದುರಾಳಿಗಳ ಐದು ತುರುಫು ಮೂರು ಎರಡಾಗಿ ಹಂಚಿದ್ದರೆ ಆಟ ಗೆದ್ದಂತೆ. ಹಾಗೆ ಹಂಚಿರುವ ಸಾಧ್ಯತೆ ಶೇ 68. ಆ ದಿನ ನಾಲ್ಕು ಒಂದಾಗಿ ಹಂಚಿತ್ತು, ಅದರ ಸಾಧ್ಯತೆ ಶೇ 28. ಸ್ಲ್ಯಾಮ್ ಸೋತ, ಪಂದ್ಯವೂ ಕೈತಪ್ಪಿತು. ‘ನಾನು ದುರಾಸೆಪಟ್ಟೆ’ ಎಂಬ ಒಂದೇ ಮಾತು ಅವನ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಅವನನ್ನು ಕೂರಿಸಿಕೊಂಡು ಬರೆಸಿದೆ. ನಿರ್ಧಾರದ ಕೆಳಗೆ ‘ಸರಿ’, ಫಲದ ಕೆಳಗೆ ‘ಸೋಲು’. ಅರ್ಧಕ್ಕಿಂತ ಹೆಚ್ಚು ಸಾಧ್ಯತೆಯಿದ್ದರೆ ಆರಕ್ಕೆ ಹೋಗುವುದೇ ಸರಿ. ಅದೇ ಬೋರ್ಡು ನೂರು ಸಲ ಬಂದರೆ ನೂರು ಸಲವೂ ಅವನು ಹೋಗಬೇಕು. ಆಮೇಲೆ ಅವನಿಂದ ಹಿಂದಿನ ತಿಂಗಳ ಇನ್ನೊಂದು ಬೋರ್ಡನ್ನೂ ತೆಗೆಸಿದೆ. ಅದರಲ್ಲಿ ಅವನು ಹುಚ್ಚುಹುಚ್ಚಾಗಿ ಬಿಡ್ ಮಾಡಿ, ಎದುರಾಳಿ ಎಡವಿದ್ದರಿಂದ ಗೆದ್ದು ಬೀಗಿದ್ದ. ನಿರ್ಧಾರ ‘ತಪ್ಪು’, ಫಲ ‘ಗೆಲುವು’. ಮೊದಲನೆಯದಕ್ಕಿಂತ ಇದು ಅವನಿಗೆ ಹೆಚ್ಚು ನಾಟಿತು.

ಇದನ್ನು ನೆಪಕ್ಕೆ ಬಳಸಬಾರದು. ನಾನು ಐದನೆಯ ಸ್ಪೇಡ್ ಎಣಿಸದೆ ಇದ್ದದ್ದು ಸ್ವಚ್ಛ ತಪ್ಪು. ಆದರೆ ಅದಕ್ಕೆ ಸರಿಯಾದ ಹೆಸರು ‘ಎಣಿಕೆ’, ‘ನಾನು ದಡ್ಡ’ ಅಲ್ಲ. ತಪ್ಪುಗಳಿಗೆ ನಾಲ್ಕು ಹೆಸರು ಸಾಕು: ಎಣಿಕೆ, ಅವಸರ, ಒಪ್ಪಂದದ ಮರೆವು, ದಣಿವು. ನಾಲ್ಕೈದು ಸ್ಪರ್ಧೆಗಳ ನಂತರ ಪಟ್ಟಿ ನೋಡಿದರೆ ನಿಮ್ಮ ಬುದ್ಧಿಯ ಮೇಲೆ ನೀವು ಹೊರಿಸಿದ ಆರೋಪಗಳಲ್ಲಿ ಅರ್ಧದಷ್ಟು ಹೊಟ್ಟೆಯ ಮೇಲೋ ನಿದ್ದೆಯ ಮೇಲೋ ಹೋಗಿ ಕೂರುತ್ತವೆ.

ಪುಸ್ತಕಕ್ಕೆ ಅರ್ಧ ತಾಸು ಮಾತ್ರ. ಮುಚ್ಚಿದ ಮೇಲೆ ಜೊತೆಗಾರನೊಡನೆ ಬ್ರಿಜ್ ಅಲ್ಲದ ಯಾವುದಾದರೂ ಮಾತು. ರಾತ್ರಿ ಮತ್ತೆ ಆ ಬೋರ್ಡು ಕಣ್ಣ ಮುಂದೆ ಬಂದರೆ, ಬರುತ್ತದೆ ಕೂಡ, ‘ಬರೆದಾಗಿದೆ’ ಎಂದು ಹೇಳಿಕೊಳ್ಳಿ. ನನಗೆ ಇದು ಒಂದು ಮಟ್ಟಕ್ಕೆ ಕೆಲಸ ಮಾಡುತ್ತದೆ, ಎಲ್ಲ ರಾತ್ರಿಯೂ ಅಲ್ಲ.

ಮೊಬೈಲಿನ ಮೇಜು

ನಮ್ಮ ಊರಿನಲ್ಲಿ ಎದುರಾಳಿಗಳು ಸಿಗದ ಕಾರಣ ಮಕ್ಕಳು ಬ್ರಿಜ್ ಬೇಸ್ ಆನ್‌ಲೈನ್ ಎಂಬ ಜಾಲತಾಣದಲ್ಲಿ ಆಡುತ್ತಾರೆ. ಅಭ್ಯಾಸಕ್ಕೆ ಅದು ಬಹಳ ಒಳ್ಳೆಯದು. ರೋಬೋಟ್ ಜೊತೆಗಾರ ಮುಖ ಗಂಟಿಕ್ಕುವುದಿಲ್ಲ ಎಂಬುದು ಅದರ ಗುಣ, ಅಪಾಯವೂ ಅದೇ. ಮನುಷ್ಯರ ಜೊತೆ ಸೋತು ಬಂದವನು ರಾತ್ರಿ ಎರಡರವರೆಗೆ ರೋಬೋಟ್ ಜೊತೆ ಗೆಲ್ಲಲು ಕೂರುತ್ತಾನೆ. ನನ್ನ ಕಟ್ಟಳೆ ಇಷ್ಟು: ಆಡುವ ಮೊದಲು ಎಷ್ಟು ಬೋರ್ಡು ಎಂದು ಕಾಗದದ ಮೇಲೆ ಬರೆಯಬೇಕು, ಸೋತ ದಿನ ಆಡಬಾರದು, ಹಾಸಿಗೆಯ ಮೇಲೆ ಆಡಬಾರದು.

ಮನೆಯವರಿಗೆ ಹೇಳುವುದು

ಸಿವಿಲ್ ಓದುವ ಒಬ್ಬನ ಅವ್ವ ತಮ್ಮ ಮಗ ಭಾನುವಾರ ಬ್ರಿಜ್ ಕಲಿಯಲು ಹೋಗುತ್ತಾನೆಂದರೆ ಸೇತುವೆ ಕಟ್ಟಲು ಕಲಿಯುತ್ತಿದ್ದಾನೆಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದರು. ಅವನೂ ತಿದ್ದುವ ಗೋಜಿಗೆ ಹೋಗಿರಲಿಲ್ಲ. ಇಸ್ಪೀಟು ಎಂದರೆ ನಮ್ಮ ಕಡೆ ಅಂದರ್ ಬಾಹರ್ ನೆನಪಾಗುತ್ತದೆ, ಪೊಲೀಸರ ದಾಳಿಯ ಸುದ್ದಿ ನೆನಪಾಗುತ್ತದೆ. ಹೆದರಿ ಮುಚ್ಚಿಡುವುದು ಸಹಜ. ಆದರೆ ಮುಚ್ಚಿಟ್ಟ ಆಟದಲ್ಲಿ ಸೋತರೆ ಆ ಸೋಲನ್ನು ಮನೆಯಲ್ಲಿ ಹೇಳಿಕೊಳ್ಳಲೂ ಆಗುವುದಿಲ್ಲ.

ನನ್ನ ಜೊತೆಗಾರನಿಗೆ ಆದದ್ದು ಅದೇ. ರೈಲಿನಲ್ಲಿ ಅವನು ಮೌನವಾಗಿದ್ದ ಕಾರಣ ನನಗೆ ತಿಳಿದದ್ದು ಮೂರು ವರ್ಷಗಳ ನಂತರ. ಪರೀಕ್ಷಾ ಶುಲ್ಕವೆಂದು ಅಪ್ಪನಿಂದ ತಂದ ಹಣವನ್ನು ಅವನು ಪ್ರವೇಶ ಶುಲ್ಕಕ್ಕೂ ಟಿಕೆಟ್ಟಿಗೂ ಹಾಕಿದ್ದ. ಬಹುಮಾನ ಬಂದರೆ ತುಂಬಿಕೊಡುವ ಲೆಕ್ಕ. ಆ ಐದು ತಾಸು ಅವನು ಯೋಚಿಸುತ್ತಿದ್ದದ್ದು ಅಪ್ಪನಿಗೆ ಏನು ಹೇಳಲಿ ಎಂದು. ನನ್ನ ಸ್ಪೇಡ್ ಅವನ ತಲೆಯಲ್ಲೇ ಇರಲಿಲ್ಲ.

ಹಾಗಾಗಿ ಮೊದಲೇ ಹೇಳಿ. ಹಣವಿಟ್ಟು ಆಡಬೇಡಿ, ಆಡುವುದಿಲ್ಲವೆಂದೂ ಹೇಳಿ. ಅಪ್ಪ ಕಾನೂನು ಎತ್ತಿದರೆ 1967ರ ಸುಪ್ರೀಂ ಕೋರ್ಟ್ ತೀರ್ಪನ್ನು ಹೇಳಬಹುದು. ಸಿಕಂದರಾಬಾದಿನ ಕ್ಲಬ್ಬೊಂದರ ಆ ಪ್ರಕರಣದಲ್ಲಿ ನ್ಯಾಯಾಲಯವು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಪರಿಗಣಿಸಿ, ಅದರಲ್ಲಿರುವ ಅದೃಷ್ಟ ಬ್ರಿಜ್‌ನಲ್ಲಿ ಎಲೆ ಹಂಚುವಾಗಿನ ಅದೃಷ್ಟದ ಬಗೆಯದೇ ಎಂದಿತು. ಅವ್ವನಿಗೆ ಇದಕ್ಕಿಂತ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟ ಹಿಡಿಸುತ್ತದೆ. ಅಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಭನಾಥ್ ಸರ್ಕಾರ್ ಭಾರತಕ್ಕೆ ಬ್ರಿಜ್‌ನಲ್ಲಿ ಚಿನ್ನ ತಂದರು. ಆಗ ಒಬ್ಬರಿಗೆ 60, ಇನ್ನೊಬ್ಬರಿಗೆ 56. ‘ಇಪ್ಪತ್ತು ತುಂಬಿತು, ಇನ್ನೂ ಒಂದು ಪದಕವಿಲ್ಲ’ ಎಂದು ಮುಖ ಸಣ್ಣದು ಮಾಡುವ ಮಕ್ಕಳಿಗೂ ನಾನು ಇದನ್ನೇ ಹೇಳುತ್ತೇನೆ.

ಆಟದಾಚೆಗಿನದು

ಮೇಲಿನದೆಲ್ಲ ಸೋಲಿನ ಬೇಸರಕ್ಕೆ. ಬೇಸರ ಎರಡು ವಾರ ದಾಟಿದರೂ ಹೆಚ್ಚುಕಡಿಮೆ ಪ್ರತಿದಿನ, ದಿನವಿಡೀ ಅದೇ ಇದ್ದರೆ, ಇಷ್ಟವಾಗಿದ್ದ ಯಾವುದೂ ಬೇಡವೆನಿಸಿದರೆ, ನಿದ್ದೆ ಊಟ ಕೆಟ್ಟಿದ್ದರೆ, ಅದನ್ನು ಬ್ರಿಜ್ ಗುರುವಿನ ಬಳಿ ತರಬೇಡಿ, ವೈದ್ಯರ ಬಳಿ ಹೋಗಿ. ಬದುಕಿ ಏನು ಪ್ರಯೋಜನ ಎಂಬ ಯೋಚನೆ ಬಂದರೆ ಎರಡು ವಾರ ಕಾಯುವುದೂ ಬೇಡ, ಅದೇ ದಿನ ಒಬ್ಬರಿಗೆ ಹೇಳಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮನಸ್ ಸಹಾಯವಾಣಿ ಸಿಗುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ ಅದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಎದುರಿಗೆ ಕೂತು ಮಾತನಾಡಬೇಕೆಂದರೆ ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್, ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎನ್ನುವ ಆಸ್ಪತ್ರೆ ಇವೆ. ಹೊರರೋಗಿ ಚೀಟಿ ಮಾಡಿಸಿ ಮನೋರೋಗ ವಿಭಾಗ ಕೇಳಿದರೆ ಸಾಕು.

ಯಾರಾದರೂ ನೋಡಿದರೆ ಏನೆಂದುಕೊಂಡಾರು ಎಂದು ಅಳುಕುವವರಿಗೆ ನಮ್ಮ ಸೀಮೆಯ ಒಂದು ಸಂಗತಿ. ಮಾನಸಿಕ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಿಂದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ತರಬಹುದೇ ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ಜಿಲ್ಲಾ ಮಟ್ಟದಲ್ಲಿ ಪ್ರಯೋಗ ಮಾಡಿದ್ದು ಬಳ್ಳಾರಿಯಲ್ಲಿ. ಅದು ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಪಾಯವಾಯಿತು. ನಮ್ಮ ಹಿರಿಯರು ಆಗಲೇ ಆ ಸಾಲಿನಲ್ಲಿ ನಿಂತು ಔಷಧಿ ತಂದಿದ್ದಾರೆ.

ಜೊತೆಗಾರನ ಬಗ್ಗೆ ನಿಮಗೇ ಅನುಮಾನ ಬಂದರೆ ನೇರವಾಗಿ ಕೇಳಿ: ‘ಸಾಯಬೇಕೆಂದು ಅನಿಸುತ್ತಿದೆಯೇನೋ?’ ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇರುವುದನ್ನು ಹೊರಗೆ ಹಾಕಲು ಅವನಿಗೆ ದಾರಿಯಾಗುತ್ತದೆ. ಹೌದೆಂದರೆ ಅವನನ್ನು ಒಬ್ಬನೇ ಬಿಡಬೇಡಿ, ಗುಟ್ಟಾಗಿಡುತ್ತೇನೆಂದು ಮಾತೂ ಕೊಡಬೇಡಿ. ಮನೆಯವರಿಗೆ ತಿಳಿಸಿ, ಆಸ್ಪತ್ರೆಗೆ ನೀವೇ ಕರೆದುಕೊಂಡು ಹೋಗಿ. ಹತ್ತು ದಿನ ಕೋಣೆ ಬಿಡದಿದ್ದ ನಮ್ಮ ಹುಡುಗನನ್ನು ಕರೆದುಕೊಂಡು ಹೋದದ್ದು ಅವನ ಕೋಣೆಯ ಗೆಳೆಯ, ಇಸ್ಪೀಟಿನ ಗಂಧವೂ ಇಲ್ಲದವನು.

ಜೋಡಿ ಬಿಡುವುದು

ಕೆಲವು ಜೋಡಿಗಳು ಕೂಡುವುದಿಲ್ಲ. ಬಿಡಬೇಕೆನಿಸಿದರೆ ಬಿಡಬಹುದು. ಸೋತ ದಿನ ಮಾತ್ರ ಹೇಳಬೇಡಿ, ವಾಟ್ಸ್‌ಆಪ್‌ನಲ್ಲಿ ಹೇಳಬೇಡಿ, ಮೂರನೆಯವರ ಬಾಯಲ್ಲಿ ಹೇಳಿಸಬೇಡಿ. ಎರಡು ಸ್ಪರ್ಧೆಗಳ ನಡುವೆ ಒಂದು ಸಂಜೆ ಚಹಾ ಕುಡಿಯುತ್ತಾ ಹೇಳಿ. ಕಾರಣಗಳ ಪಟ್ಟಿ ಬೇಕಿಲ್ಲ.

ನಾನು ಮಾಡಿದ್ದು ಇದಕ್ಕೆ ವಿರುದ್ಧ. ಸಿಕಂದರಾಬಾದಿನಿಂದ ಬಂದ ಮೂರನೇ ದಿನ ಅವನ ಹಾಸ್ಟೆಲ್ ಕೋಣೆಯ ಬಾಗಿಲಡಿ ‘ನಿನಗೆ ತಕ್ಕ ಜೊತೆಗಾರ ನಾನಲ್ಲ’ ಎಂದು ಚೀಟಿ ತೂರಿಸಿ ಬಂದೆ. ಅವನು ಅದನ್ನು ಓದಿ, ಶುಲ್ಕದ ವಿಷಯ ನನಗೆ ಗೊತ್ತಾಗಿ ನಾನು ಹೇಸಿದೆನೆಂದು ತಿಳಿದ. ಮೂರು ವರ್ಷ ಮಾತಿಲ್ಲ. ಆಮೇಲೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕಪಕ್ಕ ಕುಳಿತಾಗ ಎಲ್ಲ ಹೊರಬಂತು. ಹೋಳಿಗೆ ಬಡಿಸುವವರು ಎರಡು ಸಲ ಕೇಳಿದರೂ ನಮಗೆ ಪರಿವೆ ಇರಲಿಲ್ಲ. ಈಗ ಅವನು ಗಂಗಾವತಿಯಲ್ಲಿದ್ದಾನೆ, ತಿಂಗಳಿಗೊಮ್ಮೆ ಫೋನ್ ಮಾಡುತ್ತಾನೆ. ಹಲೋ ಎನ್ನುವ ಮೊದಲೇ ‘ಏನೋ, ಐದನೆಯದನ್ನು ಎಣಿಸಿದೆಯಾ?’ ಎಂದು ಕೇಳುತ್ತಾನೆ.